ಚಿಯಾ ಬೇಡ ಅಂತಲ್ಲ, ಅಗಸಿ ಇದೆಯಲ್ಲ

ನಮಸ್ಕಾರ್ರಿ. ಡಾಕ್ಟರ್ ನಾರಿನಂಶ ಜಾಸ್ತಿ ತಿನ್ನಿ ಅಂದಿದ್ದಾರೆ, ಧಾರವಾಡದಲ್ಲಿ ಕೂತು ಚಿಯಾ ಬೀಜ, ಕ್ವಿನೋವಾ ಧಾನ್ಯ ತರಿಸಲೇಬೇಕಾ ಅಂತ ಕೇಳಿದ್ದೀರಿ. ತರಿಸಿದರೆ ತಪ್ಪಿಲ್ಲ. ಆದರೆ ಅಷ್ಟು ದುಡ್ಡು ಸುಮ್ನೆ ಯಾಕೆ?

ಮೊದಲು ಅಗಸಿ, ಅಂದರೆ ಅಗಸೆ ಬೀಜ. 100 ಗ್ರಾಂನಲ್ಲಿ ಸುಮಾರು 27 ಗ್ರಾಂ ನಾರಿದೆ, ಒಮೆಗಾ-3 ಕೊಬ್ಬೂ ಇದೆ. ಇಡೀ ಕಾಳು ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ, ಪುಡಿ ಆಗಲೇಬೇಕು. ನಮ್ಮ ಅಗಸಿ ಹಿಂಡಿ, ಅಂದರೆ ಅಗಸಿ ಚಟ್ನಿ ಪುಡಿ, ಅದೇ ಅಲ್ವಾ? ಚಟಪಟ ಅನ್ನುವವರೆಗೆ ಹುರಿಯಿರಿ, ಕಪ್ಪಾಗಿಸಬೇಡಿ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆ ಹಾಕಿ ಕುಟ್ಟಿ. ವಾರಕ್ಕಾಗುವಷ್ಟೇ ಮಾಡಿ, ಪುಡಿ ಬೇಗ ಕಮಟುತ್ತದೆ. ದಿನಕ್ಕೆ ಒಂದು ಚಮಚದಿಂದ ಶುರು ಮಾಡಿ. ನೀರು ಜಾಸ್ತಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ.

ಹಕ್ಕರಕಿ ಸೊಪ್ಪನ್ನೂ ಮರೆಯಬೇಡಿ. ನಿಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ಸೊಪ್ಪು ಮಾರುವವರ ಹತ್ತಿರ ವಿಚಾರಿಸಿ. ಚೆನ್ನಾಗಿ ತೊಳೆದು ಉಳ್ಳಾಗಡ್ಡಿ, ಮೊಸರಿನ ಜೊತೆ ಹಸಿಯಾಗೇ ತಿನ್ನುವುದು. ಖಾನಾವಳಿಯಲ್ಲಿ ಕೊಟ್ಟಿದ್ದನ್ನು ಜನ ಪಕ್ಕಕ್ಕೆ ಸರಿಸಿದರೆ ನನಗೆ ಸಿಟ್ಟೇ ಬರುತ್ತದೆ.

ಅನ್ನದ ಬದಲು ಆಗಾಗ ನವಣಕ್ಕಿ ಮಾಡಿ. ಸಕ್ಕರೆ ಕಾಯಿಲೆ ಇದ್ದರೆ ಅದೂ ಅಳತೆಯಲ್ಲೇ. ಸೊಪ್ಪುಗಳಲ್ಲಿ ಪುಂಡಿ ಪಲ್ಯ, ಅಂದರೆ ಗೋಂಗುರ, ಕಿಡ್ನಿಯಲ್ಲಿ ಕಲ್ಲಾಗಿದ್ದವರು ಕಡಿಮೆ ಮಾಡಬೇಕು.

ಇನ್ನು, ಎರಡೂ ಹೊತ್ತು ಚಪಾತಿ ಅಂದಿದ್ದೀರಿ. ಒಂದು ಹೊತ್ತಾದರೂ ಜೋಳದ ರೊಟ್ಟಿ ತಿನ್ನಿ. ಬಡಿಯಲು ಪುರುಸೊತ್ತಿಲ್ಲದಿದ್ದರೆ ಒಣಗಿಸಿದ ಗರಿಗರಿ ಕಟಕ ರೊಟ್ಟಿ ಓಣಿ ಓಣಿಯಲ್ಲೂ ಸಿಗುತ್ತದೆ.