ಬೆಕ್ಕಿಗೊಂದು ಕಿಂಡಿಬಾಗಿಲು: ತೆರೆಯುವ ಹೊತ್ತು ನಿಮ್ಮ ಕೈಯಲ್ಲಿರಲಿ

ಪ್ರಶ್ನೆ: ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಮೂರು ವರ್ಷದ ಹೆಣ್ಣು ಬೆಕ್ಕಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಲಸಿಕೆಗಳನ್ನು ತಪ್ಪದೆ ಹಾಕಿಸಿದ್ದೇವೆ. ಹಗಲಿನಲ್ಲಿ ಹಿತ್ತಲಿಗೆ ಹೋಗಿ ಬರುತ್ತದೆ. ಆದರೆ ಬೆಳಗಿನ ಜಾವ ನಾಲ್ಕಕ್ಕೆಲ್ಲ ಹಿತ್ತಲ ಬಾಗಿಲನ್ನು ಪರಚುತ್ತ ಕೂಗತೊಡಗುತ್ತದೆ. ಎದ್ದು ಬಾಗಿಲು ತೆಗೆಯುವವರು ನನ್ನ ಪತಿ. ನಿದ್ದೆಗೆಟ್ಟು ಬೇಸತ್ತ ಅವರು ನನ್ನನ್ನು ಕೇಳದೆ ಬೆಕ್ಕಿನ ಕಿಂಡಿಬಾಗಿಲೊಂದನ್ನು, ಅಂದರೆ ದೊಡ್ಡ ಬಾಗಿಲನ್ನು ಕೊರೆದು ಕೂಡಿಸುವ, ಬೆಕ್ಕು ತಾನೇ ನೂಕಿಕೊಂಡು ಹೋಗಿಬರುವ ಪುಟ್ಟ ಬಾಗಿಲನ್ನು, ಕೊಂಡು ತಂದಿದ್ದಾರೆ. ಬಾಗಿಲು ಕೊರೆಯಲು ನಾನು ಒಪ್ಪುತ್ತಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮೊದಲ ಬೆಕ್ಕು ಬೆಳ್ಳಿ ರಾತ್ರಿ ಹೊರಗೆ ಹೋಗಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಅಂದು ಬಾಗಿಲು ತೆಗೆದು ಬಿಟ್ಟವರು ಅವರೇ. ಆ ಮಾತನ್ನು ನಾನು ಒಮ್ಮೆಯೂ ಎತ್ತಿಲ್ಲ. ಕಿಂಡಿಯಿಂದ ಕಳ್ಳರೋ ಹಾವೋ ಒಳಗೆ ಬಂದರೆ ಏನು ಗತಿ ಎಂದು ಅತ್ತೆಯವರಿಗೂ ಹೆದರಿಕೆ. ತಂದ ಪೆಟ್ಟಿಗೆ ಬಿಚ್ಚದೆ ಅಟ್ಟದ ಮೇಲಿದೆ; ಅದರ ಸುದ್ದಿ ಬಂದ ಕೂಡಲೇ ನಮ್ಮಿಬ್ಬರ ನಡುವೆ ಮಾತು ನಿಂತುಹೋಗುತ್ತದೆ. ನನ್ನ ಭಯ ಸ್ವಾರ್ಥವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ಭಯ ಸ್ವಾರ್ಥವಲ್ಲ. ಸಾಕಿದ ಬೆಕ್ಕನ್ನು ರಸ್ತೆಯಲ್ಲಿ ಕಳೆದುಕೊಂಡವರಿಗೆ ಮುಂದಿನ ಬೆಕ್ಕು ಹೊಸ್ತಿಲು ದಾಟಿದಾಗಲೆಲ್ಲ ಎದೆ ಝಲ್ಲೆನ್ನುವುದು ಸಹಜ, ಮತ್ತು ಚುಕ್ಕಿಗೆ ಆಗಬೇಕಾದ ಆರೈಕೆಯೆಲ್ಲ ಹೊತ್ತಿಗೆ ಸರಿಯಾಗಿ ಆಗಿರುವುದರ ಹಿಂದೆಯೂ ಇದೇ ಭಯವಿರಬೇಕು. ಆದರೆ ಅದು ಒಂದು ಸಂಗತಿಯನ್ನು ನಿಮ್ಮ ಕಣ್ಣಿಗೆ ಮರೆಮಾಡಿದೆ. ಚುಕ್ಕಿ ಈಗಾಗಲೇ ಹೊರಗೆ ಹೋಗುತ್ತಿದೆ. ಅದೂ ಇನ್ನೂ ಕತ್ತಲಿರುವ ನಾಲ್ಕು ಗಂಟೆಯ ಹೊತ್ತಿನಲ್ಲಿ, ಅರೆನಿದ್ದೆಯಲ್ಲಿರುವ ಒಬ್ಬರು ಬಾಗಿಲು ತೆಗೆಯುವುದರಿಂದ. ಹೋದ ಮೇಲೆ ನಾಯಿಯೋ ಬೇರೆ ಬೆಕ್ಕೋ ಅಟ್ಟಿಸಿಕೊಂಡು ಬಂದರೆ ಅದು ಓಡಿ ಬಂದು ನಿಲ್ಲುವುದು ಮುಚ್ಚಿದ ಬಾಗಿಲಿನ ಎದುರು. ಬೆಳ್ಳಿಯನ್ನು ಕಳೆದುಕೊಂಡ ವ್ಯವಸ್ಥೆಯೇ ಇಂದಿಗೂ ನಿಮ್ಮ ಮನೆಯಲ್ಲಿ ನಡೆಯುತ್ತಿದೆ ಎಂದು ಹೇಳಲು ನನಗೆ ಕಷ್ಟವಾಗುತ್ತದೆ, ಆದರೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕಿಂಡಿ ಕೊರೆಯದೆ ಇರುವುದರಿಂದ ನೀವು ಅದನ್ನು ಕಾಪಾಡುತ್ತಿಲ್ಲ.

ಇನ್ನು ನಿಮ್ಮ ಪತಿಯ ವಿಷಯ. ಅವರು ನಿಮ್ಮನ್ನು ಕೇಳದೆ ಕೊಂಡು ತಂದದ್ದು ಸರಿಯಲ್ಲ. ಮನೆಯ ಬಾಗಿಲು ಇಬ್ಬರದೂ ಆದ ಮೇಲೆ ಅದನ್ನು ಕೊರೆಯುವ ನಿರ್ಧಾರವೂ ಇಬ್ಬರದಾಗಬೇಕಿತ್ತು. ಹಾಗಿದ್ದರೂ ನಿಮ್ಮ ಪತ್ರದ ಒಂದು ಸಾಲಿನ ಬಳಿ ನಾನು ನಿಂತುಬಿಟ್ಟೆ. ಆ ರಾತ್ರಿ ಬಾಗಿಲು ತೆಗೆದವರು ಅವರೇ, ಆ ಮಾತನ್ನು ನೀವು ಎತ್ತಿಲ್ಲ ಎಂದಿದ್ದೀರಿ. ಅವರೂ ಎತ್ತಿಲ್ಲವೆಂದು ಕಾಣುತ್ತದೆ. ಈಗಲೂ ನಸುಕಿನಲ್ಲಿ ಎದ್ದು ಬಾಗಿಲು ತೆಗೆಯುತ್ತಿರುವವರು ಅದೇ ಮನುಷ್ಯ. ಅವರ ಮನಸ್ಸನ್ನು ನಾನು ದೂರದಿಂದ ಓದಲಾರೆ, ಆದರೂ ನಿದ್ದೆಯ ಆಸೆಯೊಂದೇ ಅವರನ್ನು ಆ ಅಂಗಡಿಗೆ ಕರೆದುಕೊಂಡು ಹೋಯಿತೆಂದು ನನಗೆ ಅನ್ನಿಸುವುದಿಲ್ಲ. ತನ್ನ ಕೈ ಸೋಕದೆ ತೆರೆದುಕೊಳ್ಳುವ ಬಾಗಿಲೊಂದು ಅವರಿಗೆ ಬೇಕಾಗಿರಬಹುದು. ನೀವು ಮಾತೆತ್ತದೆ ಇದ್ದದ್ದು ಅವರನ್ನು ನೋಯಿಸಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಇರಬಹುದು, ಆದರೆ ಹೇಳದೆ ಉಳಿದ ಮಾತನ್ನು ಎದುರಿಗಿರುವವರು ಆಪಾದನೆಯೆಂದೇ ಕೇಳಿಸಿಕೊಳ್ಳುವುದುಂಟು. ಪೆಟ್ಟಿಗೆಯ ಸುದ್ದಿ ತೆಗೆಯುವ ಮೊದಲು ಒಂದು ಸಂಜೆ ಬೆಳ್ಳಿಯ ಬಗ್ಗೆ ಮಾತಾಡಿ. "ಅಂದು ನಡೆದದ್ದಕ್ಕೆ ನಿಮ್ಮನ್ನು ದೂರುತ್ತಿಲ್ಲ, ಆದರೆ ರಾತ್ರಿ ಚುಕ್ಕಿ ಹೊರಗಿದ್ದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ" ಎಂಬಷ್ಟು ನೇರವಾಗಿ ಹೇಳಿದರೆ ಸಾಕು. ನಿಮ್ಮ ಮನಸ್ಸಿನ ಮೂಲೆಯಲ್ಲಿ ನಿಜವಾಗಿಯೂ ದೂರು ಇದ್ದರೆ, ಅದನ್ನೂ ಹೇಳಿಬಿಡುವುದೇ ಮೇಲು.

ಆ ಮಾತು ಆದ ಮೇಲೆ ಕಿಂಡಿಬಾಗಿಲನ್ನು ಇಡಿಸಿ ಎಂಬುದು ನನ್ನ ಸಲಹೆ. ಒಂದೇ ಷರತ್ತೆಂದರೆ, ಅದು ಹೊರಗೆ ಹೋಗಲು ತೆರೆದಿರುವ ಹೊತ್ತನ್ನು ನೀವು ಗೊತ್ತುಮಾಡಬೇಕು ಮತ್ತು ನಿಮ್ಮ ಪತಿ ಅದನ್ನು ಪೂರ್ಣವಾಗಿ ಒಪ್ಪಬೇಕು. ಬೆಕ್ಕುಗಳು ಮುಂಜಾವಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಹೆಚ್ಚು ಚುರುಕಾಗಿರುವ ಪ್ರಾಣಿಗಳು. ಬೇಟೆಯ ಹುರುಪು ಏರುವುದೂ ಆಗಲೇ, ವಾಹನ ಚಾಲಕರಿಗೆ ರಸ್ತೆ ಮಸುಕಾಗಿ ಕಾಣುವುದೂ ಆಗಲೇ. ಆದ್ದರಿಂದ ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮೊದಲಿನಿಂದ ಮರುದಿನ ಚೆನ್ನಾಗಿ ಬೆಳಕು ಹರಿಯುವವರೆಗೆ ಹೊರಹೋಗುವ ದಾರಿ ಮುಚ್ಚಿರಲಿ, ಒಳಬರುವ ದಾರಿ ಮಾತ್ರ ತೆರೆದಿರಲಿ. ಹಲವು ಸಾಮಾನ್ಯ ಕಿಂಡಿಬಾಗಿಲುಗಳಲ್ಲಿಯೂ ಇದಕ್ಕೆ ನಾಲ್ಕು ಬಗೆಯ ಚಿಲಕವಿರುತ್ತದೆ: ಎರಡೂ ಕಡೆ ತೆರೆದಿರುವುದು, ಒಳಬರಲು ಮಾತ್ರ, ಹೊರಹೋಗಲು ಮಾತ್ರ, ಪೂರ್ತಿ ಬಂದ್. ರಾತ್ರಿಯ ಊಟವನ್ನು ಚಿಲಕ ಬದಲಿಸುವ ಹೊತ್ತಿಗೇ, ದಿನವೂ ಒಂದೇ ಸಮಯಕ್ಕೆ ಕೊಡುತ್ತ ಬಂದರೆ ಚುಕ್ಕಿ ತಾನಾಗಿ ಮನೆ ಸೇರುವುದನ್ನು ರೂಢಿಸಿಕೊಳ್ಳುತ್ತದೆ.

ಹೀಗೆಂದರೆ ನಾಲ್ಕು ಗಂಟೆಯ ಕೂಗು ನಿಲ್ಲುವುದಿಲ್ಲವಲ್ಲ ಎಂದು ನಿಮ್ಮ ಪತಿ ಕೇಳಬಹುದು, ಮತ್ತು ಅವರ ಪ್ರಶ್ನೆ ನ್ಯಾಯವಾದದ್ದು. ಕೂಗಿದರೆ ಯಾರಾದರೂ ಎದ್ದು ಬರುತ್ತಾರೆಂದು ಚುಕ್ಕಿ ಕಲಿತಿದೆ, ಕಲಿಸಿದವರು ಮನೆಯವರೇ. ಸಮಯ ಹೊಂದಿಸಬಹುದಾದ ವಿದ್ಯುನ್ಮಾನ ಕಿಂಡಿಬಾಗಿಲಿನ ನಿಜವಾದ ಪ್ರಯೋಜನ ಇಲ್ಲಿದೆ: ಅದು ಗೊತ್ತಾದ ಹೊತ್ತಿಗೆ ತಾನೇ ತೆರೆದುಕೊಳ್ಳುತ್ತದೆ, ಆದ್ದರಿಂದ ಹೊರಹೋಗುವುದಕ್ಕೂ ಮನುಷ್ಯರು ಹಾಸಿಗೆಯಿಂದ ಏಳುವುದಕ್ಕೂ ಇದ್ದ ನಂಟು ಬೆಕ್ಕಿನ ತಲೆಯಿಂದ ಮೆಲ್ಲಗೆ ಕಳಚಿಹೋಗುತ್ತದೆ. ಮಲಗುವ ಮುನ್ನ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಗರಿಯನ್ನು ಓಡಿಸುತ್ತ ಬೇಟೆಯ ಆಟ ಆಡಿಸಿ, ಆಮೇಲೆ ತಿನ್ನಲು ಸ್ವಲ್ಪ ಕೊಡಿ. ಆಡಿ, ತಿಂದು, ಮೈ ನೆಕ್ಕಿಕೊಂಡು ಮಲಗುವುದು ಬೆಕ್ಕಿನ ಸಹಜ ಕ್ರಮ. ನಸುಕಿನಲ್ಲಿ ಕೂಗಿದರೆ ಯಾರೂ ಏಳಬಾರದು, ಗದರಿಸಲೂ ಬಾರದು. ಮೊದಲ ಕೆಲವು ದಿನ ಕೂಗು ಹೆಚ್ಚಾಗುತ್ತದೆ. ಸೋತು ಒಮ್ಮೆ ಎದ್ದು ಬಾಗಿಲು ತೆಗೆದರೆ ಇನ್ನೂ ಜೋರಾಗಿ ಕೂಗಬೇಕೆಂಬ ಪಾಠವನ್ನು ಅದು ಕಲಿಯುತ್ತದೆ. ಈ ದಿನಗಳಲ್ಲಿ ಮಲ ಮೂತ್ರಕ್ಕೆ ಮರಳಿನ ತಟ್ಟೆ ಒಳಗೇ ಇರಬೇಕು, ಕಿಂಡಿ ಬಂದ ಮೇಲೂ ಅದನ್ನು ತೆಗೆಯಬೇಡಿ.

ಅಟ್ಟದ ಮೇಲಿರುವ ಪೆಟ್ಟಿಗೆಯನ್ನು ಇಬ್ಬರೂ ಕೂಡಿ ಇಳಿಸಿ, ಅದು ಯಾವ ಬಗೆಯದೆಂದು ನೋಡಿ. ಬರಿಯ ಮಡಿಕೆ ಹಲಗೆ, ಅಂದರೆ ನೂಕಿದರೆ ಆಚೀಚೆ ತೂಗುವ ಹಲಗೆಯಾದರೆ ಅದನ್ನು ಯಾವ ಬೆಕ್ಕು ಬೇಕಾದರೂ ತಲೆಯಿಂದ ನೂಕಿ ಒಳಗೆ ಬರಬಹುದು. ಕೊರಳಪಟ್ಟಿಯ ಅಯಸ್ಕಾಂತಕ್ಕೆ ತೆರೆದುಕೊಳ್ಳುವಂಥದ್ದಾದರೆ ಸ್ವಲ್ಪ ವಾಸಿ, ಆದರೆ ಅಂಥದೇ ಅಯಸ್ಕಾಂತವಿರುವ ಬೇರೆ ಬೆಕ್ಕೂ ಬರಬಹುದು, ಪಟ್ಟಿ ಕಳಚಿ ಬಿದ್ದರೆ ಚುಕ್ಕಿಯೇ ಹೊರಗುಳಿಯುತ್ತದೆ. ಮೈಕ್ರೋಚಿಪ್ ಗುರುತಿಸುವ ಬಾಗಿಲನ್ನೇ ನಾನು ಸೂಚಿಸುತ್ತೇನೆ. ಅಕ್ಕಿಕಾಳಿನಷ್ಟು ಗಾತ್ರದ ಈ ಚಿಪ್ಪನ್ನು ಪಶುವೈದ್ಯರು ಎರಡು ಹೆಗಲುಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಇಡುತ್ತಾರೆ. ಅದಕ್ಕೆ ಬ್ಯಾಟರಿ ಇಲ್ಲ, ಒಳಗಿರುವುದು ಸಾಮಾನ್ಯವಾಗಿ 15 ಅಂಕಿಗಳ ಒಂದು ಸಂಖ್ಯೆ ಅಷ್ಟೇ. ಬೆಕ್ಕು ಕಿಂಡಿಗೆ ತಲೆ ತೂರಿಸಿದಾಗ ಚೌಕಟ್ಟಿನಲ್ಲಿರುವ ಸಾಧನ ಆ ಸಂಖ್ಯೆಯನ್ನು ಓದಿ ಚಿಲಕ ಬಿಡುತ್ತದೆ. ಚಿಪ್ಪಿಗೆ ಇನ್ನೊಂದು ಉಪಯೋಗವಿದೆ: ನಿಮ್ಮ ಹೆಸರು, ಫೋನ್ ಸಂಖ್ಯೆಯನ್ನು ಅದರೊಂದಿಗೆ ನೋಂದಾಯಿಸಿದರೆ ಕಳೆದುಹೋದ ಬೆಕ್ಕು ಮನೆಗೆ ಮರಳುವ ಸಾಧ್ಯತೆ ಹೆಚ್ಚುತ್ತದೆ. ಕಿಂಡಿಯ ಬ್ಯಾಟರಿಯನ್ನು ಮಾತ್ರ ಮುಗಿಯುವ ಸೂಚನೆ ಬಂದ ಕೂಡಲೇ ಬದಲಿಸಬೇಕು.

ಹೊರಗಿನ ಬೆಕ್ಕು ಒಳನುಗ್ಗದಂತೆ ತಡೆಯುವುದಕ್ಕೆ ನಾನು ಇಷ್ಟು ಮಹತ್ತ್ವ ಕೊಡಲು ಕಾರಣವಿದೆ. ಮನೆಯ ಒಳಭಾಗ ಬೆಕ್ಕಿಗೆ ತನ್ನದೇ ಆದ ಸುರಕ್ಷಿತ ನೆಲೆ. ಅಲ್ಲಿ ಒಮ್ಮೆ ಪರಕೀಯ ಬೆಕ್ಕು ಕಾಲಿಟ್ಟಿತೆಂದರೆ, ಕಾದಾಟವಾಗದಿದ್ದರೂ, ಸಾಕಿದ ಬೆಕ್ಕಿನ ನೆಮ್ಮದಿ ಕೆಡುತ್ತದೆ; ಕಾದಾಟವಾದರೆ ಕಚ್ಚಿದ ಗಾಯ ಕೀವುಗಟ್ಟುತ್ತದೆ, ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ಸು ಹರಡುವುದೂ ಮುಖ್ಯವಾಗಿ ಕಡಿತದಿಂದಲೇ. ಊಟದ ತಟ್ಟೆಯನ್ನು ಕಿಂಡಿಯಿಂದ ದೂರವಿಡಿ, ವಾಸನೆ ಬೇರೆ ಬೆಕ್ಕುಗಳನ್ನು ಕರೆಯುತ್ತದೆ. ಹೊರಬದಿಯಲ್ಲಿ ಎರಡು ದೊಡ್ಡ ಹೂಕುಂಡಗಳನ್ನು ಅಕ್ಕಪಕ್ಕ ಇಟ್ಟರೆ ಚುಕ್ಕಿ ಅವುಗಳ ಮರೆಯಲ್ಲಿ ನಿಂತು ಸುತ್ತಲೂ ನೋಡಿಕೊಂಡು ಹೆಜ್ಜೆ ಮುಂದಿಡಬಹುದು. ಬಯಲಿಗೆ ಒಮ್ಮೆಲೇ ತಲೆ ಹಾಕುವುದು ಬೆಕ್ಕುಗಳಿಗೆ ಇಷ್ಟವಾಗುವುದಿಲ್ಲ.

ಬಡಗಿಯನ್ನು ಕರೆಸುವ ಮೊದಲು ಚುಕ್ಕಿ ನಿಂತಿರುವಾಗ ನೆಲದಿಂದ ಅದರ ಹೊಟ್ಟೆಯವರೆಗಿನ ಎತ್ತರವನ್ನು ಅಳೆಯಿರಿ. ಕಿಂಡಿಯ ಕೆಳ ಅಂಚು ಆ ಮಟ್ಟಕ್ಕೆ ಬರಬೇಕು, ಅಗಲ ಅದರ ಹೆಗಲಿಗಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿರಬೇಕು. ಹೊರಗಿನ ನೆಲ ತಗ್ಗಿನಲ್ಲಿದ್ದರೆ ಅಲ್ಲೊಂದು ಗಟ್ಟಿಯಾದ ಮೆಟ್ಟಿಲು ಬೇಕು, ಇಲ್ಲವಾದರೆ ವಯಸ್ಸಾದಂತೆ ಬೆಕ್ಕಿನ ಕೀಲುಗಳಿಗೆ ಕಷ್ಟವಾಗುತ್ತದೆ. ಮರದ ಬಾಗಿಲಾದರೆ ತೆಳುವಾದ ನಡುಹಲಗೆಯಲ್ಲಿ ಕೊರೆಯುವುದು ಸುಲಭ. ಲೋಹದ ಬಾಗಿಲು ಚಿಪ್ ಓದುವುದಕ್ಕೆ ಅಡ್ಡಿಯಾಗಬಹುದು. ಗಟ್ಟಿಗೊಳಿಸಿದ ಗಾಜನ್ನಂತೂ ಆಮೇಲೆ ಕೊರೆಯಲು ಬರುವುದೇ ಇಲ್ಲ, ಕೈಹಾಕಿದರೆ ಇಡೀ ಗಾಜು ಪುಡಿಯಾಗುತ್ತದೆ.

ನಿಮ್ಮ ಅತ್ತೆಯವರ ಆತಂಕವನ್ನು ಹಿರಿಯರ ಹಠವೆಂದು ಬದಿಗೊತ್ತಬೇಡಿ, ಅದರಲ್ಲಿ ಅರ್ಧ ಸತ್ಯವಿದೆ. ಆ ಅಳತೆಯ ಕಿಂಡಿಯಲ್ಲಿ ದೊಡ್ಡವರು ನುಸುಳಲಾರರು, ಆದರೆ ಕೈ ತೂರಿಸಿ ಚಿಲಕ ಸರಿಸಬಲ್ಲರು. ಹಾಗಾಗಿ ಕಿಂಡಿಯಿಂದ ಕೈ ಎಟುಕದಷ್ಟು ದೂರದಲ್ಲಿ ಚಿಲಕವಿರಲಿ, ಬೀಗದ ಕೈಯನ್ನು ಬಾಗಿಲಲ್ಲೇ ಬಿಡಬೇಡಿ. ಹಾವು, ಹುಳಹುಪ್ಪಟೆಯ ಮಾತಿಗೆ ಬಂದರೆ, ಬಾಗಿಲಿನ ಕೆಳಗಿನ ಸಂದು ಹೇಗೋ ಹಾಗೆಯೇ ಕಿಂಡಿಯ ಅಂಚಿನ ಸಂದು ಕೂಡ. ಎರಡಕ್ಕೂ ಕುಂಚದ ಪಟ್ಟಿ ಅಂಟಿಸಬಹುದು, ಚುಕ್ಕಿ ಒಳಗೆ ಸೇರಿದ ಮೇಲೆ ರಾತ್ರಿ ಒಳಬದಿಗೆ ಒಂದು ಗಟ್ಟಿ ಹಲಗೆಯನ್ನು ಜಾರಿಸಿ ಮುಚ್ಚಬಹುದು. ಆ ಹಲಗೆ ಮುಚ್ಚುವ ಕೆಲಸವನ್ನು ಅತ್ತೆಯವರಿಗೇ ಒಪ್ಪಿಸಿದರೆ ಅವರು ನಿಶ್ಚಿಂತೆಯಿಂದ ಮಲಗಿಯಾರು. ಬೆಳಿಗ್ಗೆ ಗೊತ್ತಾದ ಹೊತ್ತಿಗಿಂತ ಮೊದಲೇ ಅದನ್ನು ಸರಿಸಲು ಮರೆಯಬಾರದೆಂದು ಮಾತ್ರ ಹೇಳಿಡಿ. ಅವರಿಗೆ ಇನ್ನೊಂದು ಮಾತನ್ನೂ ಮುಂಚೆಯೇ ತಿಳಿಸಿ: ಚುಕ್ಕಿ ಒಮ್ಮೊಮ್ಮೆ ಅರೆಜೀವದ ಇಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಬರಬಹುದು. ಹಕ್ಕಿಗಳನ್ನು ಹಿಡಿಯುವುದಂತೂ ನನಗೂ ತುಂಬ ಸಂಕಟದ ವಿಷಯ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 25ರಷ್ಟು, ಮಾಂಸದ ಪ್ರೋಟೀನು ಹೆಚ್ಚಿರುವ ಆಹಾರ ತಿಂದವುಗಳದು ಶೇ 36ರಷ್ಟು ಕಡಿಮೆಯಾದದ್ದು ಕಂಡುಬಂತು. ನಿದ್ದೆಗಾಗಿ ಹೇಳಿದ ಆಟ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕೂಡಿಸಿದ ಮೊದಲ ದಿನವೇ ಚುಕ್ಕಿಯನ್ನು ಎತ್ತಿ ಕಿಂಡಿಯೊಳಗೆ ನೂಕಬೇಡಿ. ಹಾಗೆ ನೂಕಿಸಿಕೊಂಡ ಬೆಕ್ಕು ಆಮೇಲೆ ಅದರ ಹತ್ತಿರವೂ ಸುಳಿಯುವುದಿಲ್ಲ. ಮಡಿಕೆ ಹಲಗೆಯನ್ನು ಟೇಪಿನಿಂದ ಮೇಲಕ್ಕೆತ್ತಿ ಅಂಟಿಸಿ, ತನ್ನದೇ ವಾಸನೆ ಸಿಗಲೆಂದು ಚುಕ್ಕಿಯ ಕೆನ್ನೆಗೆ ಸವರಿದ ಬಟ್ಟೆಯಿಂದ ಚೌಕಟ್ಟನ್ನು ಒರೆಸಿ, ಆಚೆ ಬದಿಯಲ್ಲಿ ಅದಕ್ಕೆ ಇಷ್ಟವಾದ ತಿನಿಸಿಟ್ಟು ಕಾಯಿರಿ. ಮೊದಲು ಮೂಸುತ್ತದೆ, ಒಂದು ಪಂಜ ಆಚೆಗಿಟ್ಟು ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಮೀಸೆ ಅಂಚಿಗೆ ತಾಗಿದರೆ ಕಣ್ಣು ಕಿರಿದು ಮಾಡಿ ನಿಲ್ಲುತ್ತದೆ. ಸಲೀಸಾಗಿ ಓಡಾಡತೊಡಗಿದ ಮೇಲೆ ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಹಣೆಯಿಂದ ನೂಕುವುದನ್ನು ಅದೇ ಕಂಡುಕೊಳ್ಳಲಿ. ಚಿಲಕದ ಟಕ್ಕೆಂಬ ಸದ್ದು ಕೆಲವು ಬೆಕ್ಕುಗಳನ್ನು ಬೆಚ್ಚಿಸುತ್ತದೆ, ಆದ್ದರಿಂದ ಚಿಪ್ಪಿನ ವ್ಯವಸ್ಥೆಯನ್ನು ಎಲ್ಲಕ್ಕಿಂತ ಕೊನೆಗೆ ಚಾಲೂ ಮಾಡಿ. ಇದಕ್ಕೆಲ್ಲ ಕೆಲವು ವಾರಗಳೇ ಹಿಡಿಯಬಹುದು.

ಇಷ್ಟಾದರೂ ಚುಕ್ಕಿ ಹೊರಗಿದ್ದಷ್ಟು ಹೊತ್ತೂ ನಿಮ್ಮ ಮನಸ್ಸು ರಸ್ತೆಯಲ್ಲೇ ಇರುವುದಾದರೆ, ಅಥವಾ ನಿಮ್ಮ ಹಿತ್ತಲಿಗೆ ತಾಗಿಯೇ ವಾಹನಗಳು ವೇಗವಾಗಿ ಓಡುವ ರಸ್ತೆಯಿದ್ದರೆ, ಕಿಂಡಿಯನ್ನು ಬಯಲಿಗೆ ತೆರೆಯದೆ ಮೇಲ್ಭಾಗವನ್ನೂ ಸೇರಿಸಿ ಬಲೆ ಹೊದಿಸಿದ ಆವರಣಕ್ಕೆ ತೆರೆಯಿರಿ. ಬಿಸಿಲು, ಗಾಳಿ, ಹುಲ್ಲಿನ ವಾಸನೆ, ಏರಿ ಕೂರಲು ಒಂದೆರಡು ಅಟ್ಟಣಿಗೆ ಅಲ್ಲಿದ್ದರೆ ಬೆಕ್ಕು ತೃಪ್ತಿಯಿಂದ ಇರುತ್ತದೆ. ಖರ್ಚು, ಶ್ರಮ ಹೆಚ್ಚು ನಿಜ. ಆದರೆ ಅಂಥ ರಸ್ತೆಯಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ, ಹಗಲಿನ ಹೊತ್ತಿಗೂ ಸೇರಿಸಿ.

ಕಿಂಡಿ ಬಂದ ಮೊದಲ ತಿಂಗಳು ಚುಕ್ಕಿಯ ನಡವಳಿಕೆಯನ್ನು ನೀವಿಬ್ಬರೂ ಗಮನಿಸುತ್ತಿರಿ. ಅದು ಕಿಂಡಿಯನ್ನೇ ದಿಟ್ಟಿಸುತ್ತ ಗಂಟೆಗಟ್ಟಲೆ ಕೂರುವುದು, ಊಟ ಕಡಿಮೆ ಮಾಡುವುದು, ಗೋಡೆ ಬಾಗಿಲುಗಳ ಮೇಲೆ ಮೂತ್ರ ಸಿಂಪಡಿಸುವುದು, ಕೂದಲು ಉದುರುವಷ್ಟು ಮೈ ನೆಕ್ಕಿಕೊಳ್ಳುವುದು ಕಂಡುಬಂದರೆ, ಹೊರಗಿನ ಬೆಕ್ಕೊಂದು ಆ ಜಾಗದಲ್ಲಿ ಕಾಟ ಕೊಡುತ್ತಿರುವ ಸಂಭವವಿದೆ. ಆಗ ಕಿಂಡಿಯನ್ನು ಹಲಗೆಯಿಂದ ಪೂರ್ತಿ ಮುಚ್ಚಿ, ಪಶುವೈದ್ಯರಿಗೆ ತೋರಿಸಿ, ಚುಕ್ಕಿ ಮೊದಲಿನಂತಾಗುವವರೆಗೆ ಹಗಲು ಹೊತ್ತು ನಿಮ್ಮಲ್ಲೊಬ್ಬರು ಜೊತೆಯಲ್ಲಿ ನಿಂತು ಹಿತ್ತಲಿಗೆ ಬಿಡಿ.