ಸಂಪಾದಕರ ಉತ್ತರ: ಸ್ವರ ಹುಟ್ಟುವ ಮೊದಲೇ ನಡೆಯುವ ಆಯ್ಕೆ

ಮಾನ್ಯರೇ,

ಸಿನಿಮಾ ಮತ್ತು ಟೆಲಿವಿಷನ್‌ಗೆ ಸಂಗೀತ ಸಂಯೋಜಿಸಿದ ಮಹಿಳೆಯರಿಗಾಗಿ ಕಳೆದ ಸಂಚಿಕೆಯಲ್ಲಿ ನಾವು ಮೀಸಲಿಟ್ಟಿದ್ದ ಪುಟಗಳನ್ನು ಓದಿ ನೀವು ಬರೆದ ಪತ್ರ ಕೈಸೇರಿತು. ಮೂವತ್ತು ವರ್ಷ ಸಂಗೀತ ಪಾಠ ಹೇಳಿದವರು ನೀವು. ಆ ಅನುಭವದ ಬಲದಿಂದಲೇ, "ಕಿವಿಗೆ ಗಂಡು ಹೆಣ್ಣೆಂಬ ಭೇದ ತಿಳಿಯುವುದಿಲ್ಲ, ಒಳ್ಳೆಯ ಸಂಗೀತ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ, ಹೀಗಿರುವಾಗ ಸಂಯೋಜಕಿಯರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿ ಹಾರ ಹಾಕುವುದು ಗೌರವವೋ ಅವಮಾನವೋ" ಎಂದು ಕೇಳಿದ್ದೀರಿ. ನಮ್ಮ ಲೇಖನದ ಒಂದು ತಪ್ಪನ್ನೂ ಎತ್ತಿ ತೋರಿಸಿದ್ದೀರಿ. ಕೊನೆಯಲ್ಲಿ, ತಾನೇ ರಾಗ ಕಟ್ಟುವ ನಿಮ್ಮ ವಿದ್ಯಾರ್ಥಿನಿಯೊಬ್ಬಳು ಚಿತ್ರರಂಗ ಸೇರಬೇಕೆನ್ನುತ್ತಿದ್ದಾಳೆ, ಅವಳಿಗೆ ಏನು ಹೇಳಲಿ ಎಂದಿದ್ದೀರಿ. ನಾಲ್ಕು ಸಾಲಿನಲ್ಲಿ ಮುಗಿಸಬಹುದಾದ ವಿಷಯ ಇದಲ್ಲವೆನಿಸಿದ್ದರಿಂದ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ತಪ್ಪಿನ ಮಾತು. 2020ರಲ್ಲಿ ‘ಜೋಕರ್’ ಚಿತ್ರಕ್ಕಾಗಿ ಆಸ್ಕರ್ ಪಡೆದ ಐಸ್‌ಲ್ಯಾಂಡಿನ ಹಿಲ್ದುರ್ ಗುದ್ನಾದೋತ್ತಿರ್ ಅವರನ್ನು, ಚಿತ್ರಸಂಗೀತಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಸಂಯೋಜಕಿ ಎಂದು ನಾವು ಬರೆದಿದ್ದೆವು. ನೀವು ಹೇಳಿದಂತೆ ಅದು ಸರಿಯಲ್ಲ. 1997ರಲ್ಲೇ ‘ಎಮ್ಮಾ’ ಚಿತ್ರಕ್ಕಾಗಿ ರೇಚಲ್ ಪೋರ್ಟ್‌ಮನ್, ಅದರ ಮರುವರ್ಷ ‘ದ ಫುಲ್ ಮಾಂಟಿ’ಗಾಗಿ ಆನ್ ಡಡ್ಲಿ ಆ ಪ್ರಶಸ್ತಿ ಪಡೆದಿದ್ದರು. ಆ ಕೆಲವು ವರ್ಷ ಆಸ್ಕರ್ ನೀಡುವ ಅಕಾಡೆಮಿಯು ಹಿನ್ನೆಲೆ ಸಂಗೀತದ ಪ್ರಶಸ್ತಿಯನ್ನು ಗಂಭೀರ ಚಿತ್ರಗಳಿಗೊಂದು, ಸಂಗೀತಪ್ರಧಾನ ಅಥವಾ ಹಾಸ್ಯಚಿತ್ರಗಳಿಗೊಂದು ಎಂದು ಎರಡಾಗಿ ಒಡೆದು ಕೊಡುತ್ತಿತ್ತು. ಪೋರ್ಟ್‌ಮನ್ ಮತ್ತು ಡಡ್ಲಿ ಇಬ್ಬರಿಗೂ ಸಂದದ್ದು ಎರಡನೆಯದು. ಅದು ಮತ್ತೆ ಒಂದಾದ ಮೇಲೆ ಗೆದ್ದ ಮೊದಲ ಮಹಿಳೆ ಗುದ್ನಾದೋತ್ತಿರ್. ಸಂಯೋಜಕಿಯರ ಹೆಸರು ಮರೆತುಹೋಗುತ್ತಿದೆ ಎಂದು ದೂರುವ ಲೇಖನದಲ್ಲಿಯೇ ನಾವು ಇಬ್ಬರ ಹೆಸರನ್ನು ಮರೆತದ್ದು ಸಣ್ಣ ತಪ್ಪಲ್ಲ. ಕ್ಷಮೆ ಕೇಳುತ್ತೇನೆ.

ಅದೇ ಲೇಖನದಲ್ಲಿ "ಹೆಣ್ಣಿನ ಮೃದು ಸ್ಪರ್ಶ" ಎಂಬ ಮಾತು ಎರಡು ಕಡೆ ಬಂದಿರುವುದನ್ನೂ ನೀವು ಆಕ್ಷೇಪಿಸಿದ್ದೀರಿ. ಅದನ್ನೂ ಒಪ್ಪುತ್ತೇನೆ. ಹೀಗೆ ಹೊಗಳುವುದೆಂದರೆ ಪ್ರೇಮಕಥೆ, ಮಕ್ಕಳ ಚಿತ್ರ, ಕೌಟುಂಬಿಕ ಧಾರಾವಾಹಿ ಇಷ್ಟೇ ನಿನ್ನ ಪಾಲು ಎಂದು ಗೆರೆ ಎಳೆದಂತೆ. ಅಣುಸ್ಥಾವರ ದುರಂತದ ಕಥೆಯಾದ ‘ಚೆರ್ನೋಬಿಲ್’ ಟೆಲಿವಿಷನ್ ಸರಣಿಗೆ ಗುದ್ನಾದೋತ್ತಿರ್ ಸಂಗೀತ ಮಾಡಿದ್ದು ಹೇಗೆಂದರೆ, ಲಿಥುವೇನಿಯಾದಲ್ಲಿ ಕೆಲಸ ನಿಲ್ಲಿಸಿದ್ದ ಅಣುವಿದ್ಯುತ್ ಸ್ಥಾವರವೊಂದರ ಒಳಹೊಕ್ಕು, ಅಲ್ಲಿನ ಬಾಗಿಲು, ಕೊಳವೆ, ಪಂಪು, ಖಾಲಿ ಕೋಣೆಗಳ ಸದ್ದನ್ನು ದಾಖಲಿಸಿ ತಂದು, ಆ ಸದ್ದುಗಳಿಂದಲೂ ತಮ್ಮ ಕಂಠದಿಂದಲೂ ಇಡೀ ಸಂಗೀತವನ್ನು ಕಟ್ಟಿದರು. ಅಲ್ಲಿ ಮೃದುವಾದದ್ದು ಏನೂ ಇಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕಿವಿಗೆ ಭೇದ ತಿಳಿಯುವುದಿಲ್ಲವೆಂಬ ನಿಮ್ಮ ಮಾತು ನೂರಕ್ಕೆ ನೂರು ನಿಜ. ಆದರೆ ಚಿತ್ರಸಂಗೀತದಲ್ಲಿ ಆಯ್ಕೆ ಮಾಡುವುದು ಕಿವಿಯಲ್ಲ. ಕಾದಂಬರಿಯನ್ನು ಬರೆದ ಮೇಲೆ ಪ್ರಕಾಶಕರು ಓದಿ ನೋಡಬಹುದು, ಚಿತ್ರವನ್ನು ಬಿಡಿಸಿದ ಮೇಲೆ ಕೊಳ್ಳುವವರು ಕಣ್ಣಾರೆ ಕಾಣಬಹುದು. ಸಿನಿಮಾದ ಹಿನ್ನೆಲೆ ಸಂಗೀತ ಮಾತ್ರ ಯಾರಿಗೆ ಒಪ್ಪಿಸಬೇಕೆಂದು ನಿರ್ಧರಿಸುವ ಹೊತ್ತಿಗೆ ಅದರ ಒಂದು ಸ್ವರವೂ ಹುಟ್ಟಿರುವುದಿಲ್ಲ. ನಿರ್ಮಾಪಕರ ಹಣವೆಲ್ಲ ಖರ್ಚಾಗಿದೆ, ಬಿಡುಗಡೆಯ ದಿನ ಗೊತ್ತಾಗಿದೆ, ಸಂಕಲನ ಮುಗಿಯುತ್ತ ಬಂದಿದೆ, ಹಿನ್ನೆಲೆ ಸಂಗೀತ ಸೇರಿಸುವ ರೀರೆಕಾರ್ಡಿಂಗ್‌ಗೆ ಉಳಿದಿರುವುದು ಕೆಲವೇ ವಾರ. ಇಂಥ ಹೊತ್ತಿನಲ್ಲಿ ಮನಸ್ಸು ಪ್ರತಿಭೆಯನ್ನು ಹುಡುಕುವುದಿಲ್ಲ, ಧೈರ್ಯವನ್ನು ಹುಡುಕುತ್ತದೆ. ಈ ಮೊದಲು ಇಷ್ಟು ದೊಡ್ಡ ಚಿತ್ರ ಮಾಡಿದವರು ಯಾರು, ವಾದ್ಯಗೋಷ್ಠಿಯನ್ನು ನಿಭಾಯಿಸಿದವರು ಯಾರು, ನಮ್ಮವರಿಗೆ ಪರಿಚಯವಿರುವವರು ಯಾರು ಎಂದು ಕೇಳಿದಾಗ ಬರುವ ಹೆಸರುಗಳು ಹಿಂದಿನ ಚಿತ್ರಗಳಿಗೂ ಬಂದವೇ ಆಗಿರುತ್ತವೆ. ಯಾರೂ ದ್ವೇಷದಿಂದ ಬಾಗಿಲು ಮುಚ್ಚಬೇಕಾಗಿಲ್ಲ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಅಮೆರಿಕದಲ್ಲಿ 2018ರಲ್ಲಿ ಅತಿ ಹೆಚ್ಚು ಗಳಿಸಿದ 250 ಚಿತ್ರಗಳನ್ನು ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ, ಅವುಗಳಲ್ಲಿ ಶೇಕಡ 94ರಷ್ಟು ಚಿತ್ರಗಳಿಗೆ ಒಬ್ಬ ಸಂಯೋಜಕಿಯೂ ಇರಲಿಲ್ಲ. ನೀವು ಇಷ್ಟು ವರ್ಷ ಪಾಠ ಹೇಳಿದ ಮಕ್ಕಳಲ್ಲಿ ಹುಡುಗಿಯರೆಷ್ಟು ಎಂದು ಒಮ್ಮೆ ನೆನಪಿಸಿಕೊಳ್ಳಿ. ಪ್ರತಿಭೆಯೊಂದೇ ಈ ಅಂಕಿಗೆ ಕಾರಣವೆಂದು ನೀವೂ ಹೇಳಲಾರಿರಿ.

ನಂಬಿಕೆ ಮೊದಲೇ ಸಿಕ್ಕಾಗ ಏನಾಗುತ್ತದೆಂಬುದಕ್ಕೂ ‘ಜೋಕರ್’ ಚಿತ್ರವೇ ಉದಾಹರಣೆ. ನಿರ್ದೇಶಕ ಟಾಡ್ ಫಿಲಿಪ್ಸ್ ಚಿತ್ರೀಕರಣಕ್ಕೆ ಮುಂಚೆಯೇ ಚಿತ್ರಕಥೆಯನ್ನು ಗುದ್ನಾದೋತ್ತಿರ್ ಕೈಗೆ ಕೊಟ್ಟು, ಓದಿದಾಗ ಹೊಳೆದದ್ದನ್ನು ಬರೆದು ಕಳುಹಿಸಿ ಎಂದರು. ಸೆಲ್ಲೋ ವಾದ್ಯದ ಆ ತುಣುಕನ್ನು ಸೆಟ್ಟಿನಲ್ಲಿ ನುಡಿಸಿದಾಗ, ಶೌಚಾಲಯದ ದೃಶ್ಯದಲ್ಲಿ ನಟ ಹ್ವಾಕೀನ್ ಫೀನಿಕ್ಸ್ ಅದಕ್ಕೆ ತಾವಾಗಿಯೇ ನಿಧಾನವಾಗಿ ಕುಣಿಯತೊಡಗಿದರು. ಚಿತ್ರದಲ್ಲಿ ಎಲ್ಲರ ನೆನಪಿನಲ್ಲಿ ಉಳಿದ ಆ ದೃಶ್ಯ ಸಂಗೀತದಿಂದ ಹುಟ್ಟಿತೇ ಹೊರತು, ದೃಶ್ಯಕ್ಕೆ ಆಮೇಲೆ ಸಂಗೀತ ತೊಡಿಸಿದ್ದಲ್ಲ.

ಹಾಗಿದ್ದರೆ ಧೈರ್ಯ ಕೊಡುವುದು ಯಾವುದು? ಹಿಂದಿನ ಕೆಲಸದ ಮೇಲೆ ಅಚ್ಚಾಗಿರುವ ಹೆಸರು. ಈ ವೃತ್ತಿಯಲ್ಲಿ ಹೆಸರೇ ಬಂಡವಾಳ. ಅದಕ್ಕಾಗಿಯೇ ಹೆಸರು ತಪ್ಪಿದ ಒಂದು ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸುತ್ತದೆ.

1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಗೆ ಶೀರ್ಷಿಕೆ ಸಂಗೀತ ಬೇಕಾಯಿತು. ಸಂಯೋಜಕ ರಾನ್ ಗ್ರೇನರ್ ಒಂದು ಹಾಳೆಯಲ್ಲಿ ರಾಗದ ರೇಖೆಯನ್ನು ಬರೆದುಕೊಟ್ಟು ಹೋದರು. ಅದಕ್ಕೆ ದನಿ ಕೊಡುವ ಕೆಲಸ ಬಿದ್ದದ್ದು ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗದಲ್ಲಿದ್ದ ಡೆಲಿಯಾ ಡರ್ಬಿಶೈರ್ ಎಂಬ ಯುವತಿಯ ಮೇಲೆ. ಕೀಲಿ ಒತ್ತಿದರೆ ದನಿ ಬರುವ ಸಿಂಥಸೈಜರ್ ಅಲ್ಲಿ ಇರಲಿಲ್ಲ. ಅವರು ಒಂದು ತಂತಿಯನ್ನು ಮೀಟಿ ಆ ನಾದವನ್ನು ಟೇಪಿನಲ್ಲಿ ಹಿಡಿದರು. ಟೇಪಿನ ವೇಗ ಹೆಚ್ಚು ಕಡಿಮೆ ಮಾಡಿ ಅದರಿಂದಲೇ ಬೇರೆ ಬೇರೆ ಸ್ವರಗಳನ್ನು ತೆಗೆದರು. ಉಪಕರಣಗಳನ್ನು ಪರೀಕ್ಷಿಸಲು ಬಳಸುತ್ತಿದ್ದ, ವಿದ್ಯುತ್ತಿನಿಂದ ದನಿ ಹೊರಡಿಸುವ ಆಸಿಲೇಟರುಗಳಿಂದ ಮೇಲಿನ ರಾಗವನ್ನು ಹೊರಡಿಸಿದರು. ಪ್ರತಿ ಸ್ವರಕ್ಕೂ ಬೇಕಾದಷ್ಟು ಉದ್ದದ ಟೇಪನ್ನು ಅಳೆದು, ಕತ್ತರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಅಂಟಿಸುತ್ತ ಹೋದರು. ಹಲವು ಟ್ರ್ಯಾಕುಗಳನ್ನು ಒಟ್ಟಿಗೆ ದಾಖಲಿಸುವ ಯಂತ್ರವಿಲ್ಲದ್ದರಿಂದ ಬೇರೆ ಬೇರೆ ಟೇಪ್ ಯಂತ್ರಗಳನ್ನು ಒಂದೇ ಕ್ಷಣಕ್ಕೆ ಚಾಲೂ ಮಾಡಿ ಹೊಂದಿಸಬೇಕಿತ್ತು. ಎಲ್ಲೋ ಒಂದು ಸ್ವರ ಲಯ ತಪ್ಪಿದಾಗ, ಟೇಪುಗಳನ್ನು ಕಚೇರಿಯ ಉದ್ದನೆಯ ಓಣಿಯಲ್ಲಿ ಅಕ್ಕಪಕ್ಕ ಹಾಸಿ, ಅಂಟಿಸಿದ ಜಾಗಗಳು ಎಲ್ಲಿ ಹೆಚ್ಚುಕಡಿಮೆಯಾಗಿವೆ ಎಂದು ಕಣ್ಣಿನಿಂದ ಹುಡುಕಿದರು. ಮುಗಿದ ಮೇಲೆ ಕೇಳಿದ ಗ್ರೇನರ್ ಅವರಿಗೆ ಅದು ತಮ್ಮದೇ ರಚನೆಯೇ ಎಂದು ಅಚ್ಚರಿಯಾಯಿತು. ಕೀರ್ತಿಯಲ್ಲೂ ಗಳಿಕೆಯಲ್ಲೂ ಡರ್ಬಿಶೈರ್ ಅವರಿಗೆ ಪಾಲು ಸಲ್ಲಬೇಕೆಂದು ಅವರೇ ಬಯಸಿದರು. ಆ ವಿಭಾಗದವರ ಹೆಸರನ್ನು ವೈಯಕ್ತಿಕವಾಗಿ ಹಾಕುವುದಿಲ್ಲವೆಂಬುದು ಸಂಸ್ಥೆಯ ಪದ್ಧತಿಯಾಗಿದ್ದರಿಂದ ಅದು ಆಗಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಸರಣಿಯ ತೆರೆಯ ಮೇಲೆ ಅವರ ಹೆಸರು ಮೂಡಿದ್ದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.

ಆ ಪದ್ಧತಿ ಅಲ್ಲಿನ ಗಂಡಸರಿಗೂ ಅನ್ವಯಿಸುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹೌದು, ಅನ್ವಯಿಸುತ್ತಿತ್ತು. ಆದರೆ ಹೆಸರಿಲ್ಲದಿದ್ದರೂ ಗುರುತಿನವರ ಮೂಲಕ ಮುಂದಿನ ಕೆಲಸ ಹುಡುಕಿಕೊಳ್ಳಬಲ್ಲವರಿಗೂ, ಹೆಸರೊಂದನ್ನು ಬಿಟ್ಟರೆ ಬೇರೆ ಆಸರೆಯಿಲ್ಲದವರಿಗೂ ಆ ನಷ್ಟ ಒಂದೇ ಅಳತೆಯದಲ್ಲ.

ನಮ್ಮ ದೇಶದ ಚಿತ್ರಸಂಗೀತದ ಆರಂಭದಲ್ಲೂ ಹೆಸರಿನ ಕಥೆಯೊಂದಿದೆ. ಲಖನೌದಲ್ಲಿ ಶಾಸ್ತ್ರೀಯ ಸಂಗೀತ ಕಲಿತಿದ್ದ ಖುರ್ಷಿದ್ ಮಿನೋಚರ್ ಹೋಮ್‌ಜಿ 1935ರಲ್ಲಿ ಬಾಂಬೆ ಟಾಕೀಸ್‌ನ ‘ಜವಾನಿ ಕಿ ಹವಾ’ ಚಿತ್ರಕ್ಕೆ ಸಂಗೀತ ನೀಡಿದರು. ಪಾರ್ಸಿ ಮನೆತನದ ಹೆಣ್ಣುಮಗಳು ಸಿನಿಮಾ ಸೇರುವುದಕ್ಕೆ ಸಮುದಾಯದಿಂದ ಬಂದ ವಿರೋಧದ ಕಾರಣ ಅವರು ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಕೆಲಸ ಮಾಡಬೇಕಾಯಿತು. ಮರುವರ್ಷ ‘ಅಛೂತ್ ಕನ್ಯಾ’ ಬಂದಾಗ, ಗಾಯಕರಲ್ಲದ ಅಶೋಕ್ ಕುಮಾರ್ ಮತ್ತು ದೇವಿಕಾ ರಾಣಿ ತಮ್ಮ ಕಂಠದಲ್ಲೇ ಹಾಡಬೇಕಿತ್ತು. ಅವರ ಶಕ್ತಿ ಎಷ್ಟೆಂದು ಅಳೆದು, ಅಷ್ಟರೊಳಗೇ ನಿಲ್ಲುವ ಸರಳ ರಾಗಗಳನ್ನು ಸರಸ್ವತಿ ದೇವಿ ಕಟ್ಟಿದರು. ಪಾಠ ಹೇಳುವ ನಿಮಗೆ ಈ ಕೆಲಸ ಎಷ್ಟು ಕಷ್ಟವೆಂದು ನಾನು ಹೇಳಬೇಕಾಗಿಲ್ಲ. 1959ರಲ್ಲಿ ‘ದಿಲ್ ದೇಕೆ ದೇಖೋ’ ಮೂಲಕ ಬಂದ ಉಷಾ ಖನ್ನಾ ದಶಕಗಳ ಕಾಲ ಕೆಲಸ ಮಾಡಿದರು. ಅವರ ಹಾಡುಗಳನ್ನು ಗುನುಗುವ ಎಷ್ಟೋ ಮಂದಿ ಇಂದಿಗೂ ಗಾಯಕರ ಹೆಸರು ಹೇಳುತ್ತಾರೆ, ಸಂಯೋಜಕಿಯ ಹೆಸರು ಹೇಳುವುದಿಲ್ಲ.

ಆದ್ದರಿಂದ ನಾವು ಸಂಭ್ರಮಿಸಿದ್ದು ಹಾರ ಹಾಕುವುದಕ್ಕಲ್ಲ. ಹೆಸರನ್ನು ಕೆಲಸದ ಜೊತೆಗೆ ಮತ್ತೆ ಕಟ್ಟಿಕೊಡುವುದಕ್ಕೆ, ಮುಂದಿನ ನಿರ್ಮಾಪಕರು ಯಾರಿದ್ದಾರೆ ಎಂದು ಕೇಳಿದಾಗ ಉತ್ತರ ಸಿದ್ಧವಿರಲೆಂಬುದಕ್ಕೆ. ಅಮೆರಿಕದಲ್ಲಿ ಲಾರಾ ಕಾರ್ಪ್‌ಮನ್, ಲೋಲಿತಾ ರಿಟ್ಮಾನಿಸ್ ಮತ್ತು ಮಿರಿಯಂ ಕಟ್ಲರ್ 2014ರಲ್ಲಿ ಚಲನಚಿತ್ರ ಸಂಯೋಜಕಿಯರ ಒಕ್ಕೂಟವನ್ನು ಕಟ್ಟಿ, ಸಂಯೋಜಕಿಯರ ಹೆಸರುಗಳ ಕೋಶವೊಂದನ್ನು ಸಿದ್ಧಪಡಿಸಿದರು. ಹುಡುಕಿದೆವು, ಯಾರೂ ಸಿಗಲಿಲ್ಲ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ. ಈ ಮೂವರಲ್ಲಿ ರಿಟ್ಮಾನಿಸ್ ಅವರ ಬೆನ್ನಿಗೆ ನಿಂತಿದ್ದವರು ಹಿರಿಯ ಸಂಯೋಜಕಿ ಶರ್ಲಿ ವಾಕರ್. ಬೇರೆಯವರ ಸಂಗೀತಕ್ಕೆ ವಾದ್ಯಗಳನ್ನು ಹಂಚಿ, ವಾದ್ಯಗೋಷ್ಠಿ ನಡೆಸುತ್ತ ವರ್ಷಗಟ್ಟಲೆ ದುಡಿದ ವಾಕರ್, 1992ರಲ್ಲಿ ಆರಂಭವಾದ ‘ಬ್ಯಾಟ್‌ಮನ್’ ಅನಿಮೇಷನ್ ಸರಣಿಯ ಹೊಣೆ ಸಿಕ್ಕಾಗ ರಿಟ್ಮಾನಿಸ್ ಸೇರಿದಂತೆ ಕಿರಿಯರನ್ನು ಜೊತೆಗೆ ಸೇರಿಸಿಕೊಂಡರು. ಆ ಕಿರಿಯರು ಮಾಡಿದ ಕಂತುಗಳು ಅವರವರ ಹೆಸರಿನಲ್ಲೇ ಪ್ರಸಾರವಾದವು. ಬೆಂಬಲ ಎಂಬ ಪದಕ್ಕೆ ಅರ್ಥ ಕೇಳಿದರೆ ನಾನು ತೋರಿಸುವುದು ಇದನ್ನೇ.

ನಿಮ್ಮ ವಿದ್ಯಾರ್ಥಿನಿಗೂ ಇದೇ ದಾರಿಯಲ್ಲಿ ಎರಡು ಮಾತು ಹೇಳಬಹುದು. ಹಿರಿಯ ಸಂಯೋಜಕರ ಬಳಿ ಸಹಾಯಕಿಯಾಗಿ ಸೇರುವುದರಲ್ಲಿ ತಪ್ಪೇನೂ ಇಲ್ಲ, ಬಹುತೇಕ ಎಲ್ಲರೂ ಕಲಿತದ್ದು ಹಾಗೆಯೇ. ಆದರೆ ತಾನೇ ಪೂರ್ತಿಯಾಗಿ ರಚಿಸಿದ ತುಣುಕು ಚಿತ್ರದಲ್ಲಿ ಬಳಕೆಯಾದರೆ ಟೈಟಲ್ ಕಾರ್ಡಿನಲ್ಲಿ ಯಾವ ಮಾತಿನಲ್ಲಿ ತನ್ನ ಹೆಸರು ಬರುತ್ತದೆಂದು ಕೆಲಸಕ್ಕೆ ಕೂರುವ ಮುಂಚೆಯೇ ಬರವಣಿಗೆಯಲ್ಲಿ ಪಡೆಯಲಿ. ಆಮೇಲೆ ಕೇಳುವುದು ಯಾರಿಗೂ ಸುಲಭವಲ್ಲ. ಇನ್ನೊಂದು, ಕ್ಯೂ ಶೀಟ್ ಎಂಬ ಪಟ್ಟಿಯನ್ನು ಓದಲು ಕಲಿಯಲಿ. ಒಂದು ಕಂತಿನಲ್ಲಿ ಯಾವ ಸಂಗೀತ ಎಷ್ಟು ಸೆಕೆಂಡು ಬಂತು, ಅದನ್ನು ರಚಿಸಿದವರು ಯಾರು, ಅವರ ಪಾಲು ಎಷ್ಟು ಎಂಬುದು ಅದರಲ್ಲಿರುತ್ತದೆ. ಕಾರ್ಯಕ್ರಮ ಮರುಪ್ರಸಾರವಾದಾಗಲೆಲ್ಲ ರಾಯಧನ ಹಂಚಿಕೆಯಾಗುವುದು ಆ ಪಟ್ಟಿಯ ಆಧಾರದ ಮೇಲೆ. ತೆರೆಯ ಮೇಲಿನ ಹೆಸರು ಮುಂದಿನ ಕೆಲಸವನ್ನು ತಂದರೆ, ಈ ಪಟ್ಟಿಯಲ್ಲಿನ ಹೆಸರು ಆ ಕೆಲಸ ಸಿಗುವವರೆಗಿನ ಜೀವನವನ್ನು ನಡೆಸುತ್ತದೆ.

ನಮ್ಮ ಕಡೆಯಿಂದ ಮಾಡಬೇಕಾದದ್ದೂ ಇದೆ. ನಮ್ಮ ಚಿತ್ರವಿಮರ್ಶೆಗಳಲ್ಲಿ ನಟರ, ನಿರ್ದೇಶಕರ ಹೆಸರಿನ ಕೆಳಗೆ "ಸಂಗೀತ" ಎಂದು ಒಂದೇ ಹೆಸರು ಬರೆದು ಮುಗಿಸುವುದು ಇಷ್ಟು ದಿನದ ರೂಢಿಯಾಗಿತ್ತು. ಈ ಸಂಚಿಕೆಯಿಂದ ಹಾಡುಗಳಿಗೆ ರಾಗ ಕಟ್ಟಿದವರು, ಹಿನ್ನೆಲೆ ಸಂಗೀತ ರಚಿಸಿದವರು, ಹೆಚ್ಚುವರಿ ಸಂಗೀತ ನೀಡಿದವರು, ವಾದ್ಯ ಸಂಯೋಜಿಸಿದವರು ಎಂದು ತೆರೆಯ ಮೇಲೆ ಕಂಡಷ್ಟನ್ನೂ ಬಿಡಿಬಿಡಿಯಾಗಿ ಕೊಡಲಿದ್ದೇವೆ. ಹೆಂಗಸರದೆಂದಾಗಲಿ ಗಂಡಸರದೆಂದಾಗಲಿ ನೋಡದೆ ಎಲ್ಲ ಹೆಸರುಗಳೂ ಅಲ್ಲಿರುತ್ತವೆ. ಬೇರೆ ಪಂಕ್ತಿ ಬೇಡವೆಂಬ ನಿಮ್ಮ ಮಾತಿಗೂ ಇದರಲ್ಲಿ ಜಾಗವಿದೆಯೆಂದು ನಂಬಿದ್ದೇನೆ. ಪೋರ್ಟ್‌ಮನ್ ಮತ್ತು ಡಡ್ಲಿ ಅವರ ಕುರಿತ ತಿದ್ದುಪಡಿ ಇದೇ ಪುಟದ ಕೆಳಗೆ, ಮೂಲ ಲೇಖನದ ಶೀರ್ಷಿಕೆಯಷ್ಟೇ ದೊಡ್ಡ ಅಕ್ಷರದಲ್ಲಿದೆ.

— ಸಂಪಾದಕ