ಬರೀ ಬಾಯಲ್ಲಿ ಮಾತಾಡಿದ ವಸ್ತುವಿನ ಜಾಹೀರಾತು ಫೋನಿಗೆ ಬರುತ್ತಲ್ಲ, ಫೋನ್ ನಮ್ಮ ಮಾತು ಕದ್ದು ಕೇಳುತ್ತಾ?

ನೇರವಾಗಿ ಹೇಳಿಬಿಡುತ್ತೇನೆ. ಜಾಹೀರಾತು ತೋರಿಸುವುದಕ್ಕಾಗಿ ಫೋನ್ ಇಡೀ ದಿನ ನಿಮ್ಮ ಮಾತು ಕೇಳುತ್ತಾ ಕೂತಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಹಾಗಂತ ಖುಷಿಪಡಬೇಡಿ. ಬೆಣ್ಣೆ ಕೈಯಲ್ಲೇ ಇರುವಾಗ ತುಪ್ಪಕ್ಕೆ ಯಾರು ಊರೆಲ್ಲ ಅಲೆಯುತ್ತಾರೆ? ಕದ್ದು ಕೇಳದೆಯೇ ಅವರಿಗೆ ಬೇಕಾದ್ದೆಲ್ಲ ಸಿಗುತ್ತಿದೆ.

ನೀವು ಬರೆದಿರುವುದು ಇಷ್ಟು. ಹೊಸ ಹಾಸಿಗೆ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಡಿದಿರಿ. ನೀವು ಎಲ್ಲೂ ಟೈಪ್ ಮಾಡಲಿಲ್ಲ, ಯಾವ ಸೈಟನ್ನೂ ನೋಡಲಿಲ್ಲ, ಮೈಕ್ ಪರ್ಮಿಷನ್ ಕೂಡ ಆಫ್ ಇತ್ತು. ರಾತ್ರಿ ಫೋನ್ ತೆಗೆದರೆ ಸಾಲುಸಾಲಾಗಿ ಹಾಸಿಗೆ ಜಾಹೀರಾತು.

ನೀವು ಹುಡುಕಲಿಲ್ಲ, ಒಪ್ಪಿದೆ. ಮನೆಯಲ್ಲಿ ಬೇರೆ ಯಾರೂ ಹುಡುಕಲಿಲ್ವಾ? ಒಂದು ವಸ್ತುವಿನ ಮಾತು ಬಂದ ಮೇಲೆ ರೇಟ್ ಎಷ್ಟಿರಬಹುದು ಅಂತ ಯಾರಾದರೊಬ್ಬರು ನೋಡೇ ನೋಡುತ್ತಾರೆ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲ ಒಂದೇ ವೈಫೈಯಲ್ಲಿದ್ದರೆ ಹೊರಗಿನವರಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್‌ನಲ್ಲಿ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಹಗಲು ಬೇರೆ ಬೇರೆ ಕಡೆ ಇರುವ ಫೋನುಗಳು ರಾತ್ರಿಯಾದರೆ ಅದೇ ಅಡ್ರೆಸ್‌ಗೆ ಬಂದು ಸೇರುತ್ತವೆ. ಇವೆಲ್ಲ ಒಂದೇ ಮನೆಯವು ಅಂತ ಲೆಕ್ಕ ಹಾಕುವುದು ಜಾಹೀರಾತು ಕಂಪನಿಗಳಿಗೆ ಏನೂ ಕಷ್ಟವಲ್ಲ. ಹಾಗಾಗಿ ಒಬ್ಬರು ಹುಡುಕಿದ್ದು ಇನ್ನೊಬ್ಬರ ಫೋನಲ್ಲಿ ಮೇಲೇಳುತ್ತದೆ.

ಮೈಕ್ ವಿಷಯ ಮುಗಿಸಿಬಿಡೋಣ. ಅಮೆರಿಕದ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯವರು 2018ರಲ್ಲಿ 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿದರು. ಕದ್ದು ಮೈಕ್ ಆನ್ ಮಾಡಿ ಧ್ವನಿ ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು: ಕೆಲವು ಆ್ಯಪ್‌ಗಳು ನಾವು ಸ್ಕ್ರೀನ್ ಮೇಲೆ ಮಾಡುವುದನ್ನೇ ಚಿತ್ರ, ವಿಡಿಯೊ ಮಾಡಿ ಬೇರೆ ಕಂಪನಿಗೆ ಕಳಿಸುತ್ತಿದ್ದವು. ಎಲ್ಲರೂ ಮೈಕ್ ಮೇಲೆ ಕಣ್ಣಿಟ್ಟಿದ್ದಾಗ ಕಳ್ಳತನ ಪಕ್ಕದ ಕೋಣೆಯಲ್ಲಿ ನಡೆದಿತ್ತು. ಹಾಗಂತ ಮೈಕ್ ಪೂರ್ತಿ ಸಾಚಾ ಅಂತಲೂ ಹೇಳಲಾರೆ. ಕರೆಯದೇ ಇದ್ದರೂ ಕರೆದರು ಅಂದುಕೊಂಡು ಎದ್ದು ಕೂರುವುದು ವಾಯ್ಸ್ ಅಸಿಸ್ಟೆಂಟ್‌ಗಳ ಚಾಳಿ. ಹೀಗೆ ಆ್ಯಪಲ್‌ನ ವಾಯ್ಸ್ ಅಸಿಸ್ಟೆಂಟ್ ಆದ ಸಿರಿಯಲ್ಲಿ ರೆಕಾರ್ಡ್ ಆದ ತುಣುಕುಗಳನ್ನು ಗುತ್ತಿಗೆ ನೌಕರರು ಕೇಳುತ್ತಿದ್ದರು ಅನ್ನುವುದು 2019ರಲ್ಲಿ ಹೊರಬಂತು. ಇದರ ಮೇಲೆ ಬಿದ್ದ ಕೇಸನ್ನು ಮುಗಿಸಿಕೊಳ್ಳಲು ಆ್ಯಪಲ್ 9.5 ಕೋಟಿ ಡಾಲರ್ ಕೊಡಲು ಒಪ್ಪಿತು, ತಪ್ಪು ಮಾತ್ರ ಒಪ್ಪಲಿಲ್ಲ.

ಇನ್ನು ನಿಜವಾದ ದಂಧೆ. ಒಂದು ಕಂಪನಿ ತನ್ನ ಗ್ರಾಹಕರ ಫೋನ್ ನಂಬರ್, ಇಮೇಲ್ ಪಟ್ಟಿಯನ್ನು ಸೋಷಿಯಲ್ ಮೀಡಿಯಾದವರಿಗೆ ಅಪ್‌ಲೋಡ್ ಮಾಡುತ್ತದೆ. "ಇವರಲ್ಲಿ ನಿಮ್ಮ ಹತ್ತಿರ ಅಕೌಂಟ್ ಇರುವವರಿಗೆ ನಮ್ಮ ಜಾಹೀರಾತು ತೋರಿಸಿ, ಇವರಂಥವರೇ ಇನ್ನಷ್ಟು ಜನ ಇದ್ದರೆ ಅವರಿಗೂ ತೋರಿಸಿ" ಅನ್ನುತ್ತದೆ. ನಂಬರನ್ನು ಹಾಗೇ ಕೊಡುವುದಿಲ್ಲ, ಗುರುತು ಸಿಗದ ಹಾಗೆ ಕಲಸಿ ಒಂದು ಉದ್ದದ ಅಕ್ಷರಸಾಲು ಮಾಡಿ ಕೊಡುತ್ತೇವೆ ಅಂತ ಸಮಜಾಯಿಷಿ ಬೇರೆ. ಆದರೆ ನಿಮ್ಮ ನಂಬರನ್ನು ಎರಡೂ ಕಡೆ ಒಂದೇ ಥರ ಕಲಸಿದರೆ ಬರುವ ಸಾಲೂ ಒಂದೇ ಅಲ್ವಾ? ತಾಳೆ ನೋಡಲು ಅಷ್ಟು ಸಾಕು.

ನಾನು ಬಳಸುವ ಒಂದು ಸೋಷಿಯಲ್ ಮೀಡಿಯಾದಿಂದ ನನ್ನ ಡೇಟಾ ಪೂರ್ತಿ ಡೌನ್‌ಲೋಡ್ ಮಾಡಿ ನೋಡಿದ್ದೆ. ಫೋಟೊ, ಮೆಸೇಜ್ ಎಲ್ಲ ಇರುವುದು ಸರಿ. ನಡುವೆ ಒಂದು ಫೈಲಿನಲ್ಲಿ ನನ್ನ ವಿವರ ಸೇರಿಸಿ ಪಟ್ಟಿ ಕೊಟ್ಟ ಕಂಪನಿಗಳ ಹೆಸರಿದ್ದವು. ಸ್ಕ್ರೋಲ್ ಮಾಡಿದಷ್ಟೂ ಮುಗಿಯುವುದಿಲ್ಲ. ಅದರಲ್ಲಿ ಅರ್ಧಕ್ಕರ್ಧ ಹೆಸರುಗಳನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೊಂದು ಫೈಲಿನಲ್ಲಿ ನಾನು ಬೇರೆ ಬೇರೆ ಸೈಟುಗಳಲ್ಲಿ ಯಾವಾಗ ಏನು ನೋಡಿದೆ ಅನ್ನುವುದು ತಾರೀಖು, ಟೈಮ್ ಸಮೇತ ಇತ್ತು. ಆ ಸೈಟುಗಳ ಪುಟದಲ್ಲಿ ಕಣ್ಣಿಗೆ ಕಾಣದ ಒಂದು ಸಣ್ಣ ಕೋಡ್ ಕೂತಿರುತ್ತದೆ, ಪುಟ ತೆರೆದ ಕೂಡಲೇ ಸುದ್ದಿ ಮುಟ್ಟಿಸುತ್ತದೆ. ನೀವೂ ಒಮ್ಮೆ ಡೌನ್‌ಲೋಡ್ ಮಾಡಿ ನೋಡಿ. ಮೈಕ್ ಬಗ್ಗೆ ಇರುವ ಭಯ ಹೋಗಿ ಬೇರೆ ಭಯ ಶುರುವಾಗುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು, ನಾವು ಬೇಡ ಅಂದರೂ ಅದಕ್ಕೆ ಕಿಮ್ಮತ್ತಿಲ್ಲ ಅನ್ನುವುದು. ಗೂಗಲ್‌ನಲ್ಲಿ ಲೊಕೇಶನ್ ಹಿಸ್ಟರಿ ಆಫ್ ಮಾಡಿದರೂ ಬೇರೊಂದು ಸೆಟ್ಟಿಂಗ್ ಮೂಲಕ ನಾವಿದ್ದ ಜಾಗ ದಾಖಲಾಗುತ್ತಿತ್ತು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2018ರಲ್ಲಿ ಇದನ್ನು ಬಯಲು ಮಾಡಿತು. 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ ಗೂಗಲ್ 39.15 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಬೇರೊಂದು ಸೆಟ್ಟಿಂಗ್‌ನ ಹೆಸರು ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ. ಅದರಲ್ಲಿ ಲೊಕೇಶನ್ ಇದೆ ಅಂತ ಯಾರಿಗೆ ಹೊಳೆಯಬೇಕು, ಹೇಳಿ! ಟ್ವಿಟರ್‌ದು ಇನ್ನೂ ಚೆನ್ನಾಗಿದೆ. ಅಕೌಂಟ್ ಭದ್ರವಾಗಿರಲಿ ಅಂತ ಜನ ಕೊಟ್ಟ ಫೋನ್ ನಂಬರನ್ನೇ ಜಾಹೀರಾತಿಗೆ ಬಳಸಿ 2022ರಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು.

ಬಟನ್‌ಗಳನ್ನೇ ಗಮನಿಸಿ. "ಕಾಂಟ್ಯಾಕ್ಟ್ಸ್ ಸಿಂಕ್ ಮಾಡಿ" ಅಂತ ಆ್ಯಪ್ ಕೇಳುತ್ತದೆ. ದೊಡ್ಡ ನೀಲಿ ಬಟನ್ ಮೇಲೆ "ಸರಿ". ಕೆಳಗೆ ಮಂಕಾದ ಅಕ್ಷರದಲ್ಲಿ "ಈಗ ಬೇಡ". ಬರೀ "ಬೇಡ" ಅನ್ನುವ ಬಟನ್ ಎಲ್ಲಿ? ಈಗ ಬೇಡ ಅಂದರೆ ನಾಳೆ ಮತ್ತೆ ಕೇಳುತ್ತದೆ, ನಾಡಿದ್ದೂ ಕೇಳುತ್ತದೆ. ಎಂದೋ ಒಂದು ದಿನ ಅವಸರದಲ್ಲಿ ನೀಲಿಯನ್ನು ಒತ್ತುತ್ತೇವೆ. ಆಮೇಲೆ ಅದು ಯಾವತ್ತೂ "ಇನ್ನೂ ಬೇಕಾ?" ಅಂತ ಕೇಳುವುದಿಲ್ಲ.

ಈಗ ನಿಮ್ಮ ಕೈಯಲ್ಲಿ ಆಗುವುದು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಅನ್ನುವಲ್ಲಿ ಅಡ್ವರ್ಟೈಸಿಂಗ್ ಐಡಿ, ಅಂದರೆ ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸುವ ಸಂಕೇತ, ಡಿಲೀಟ್ ಮಾಡುವ ಆಯ್ಕೆ ಇದೆ. ಫೋನಿನಿಂದ ಫೋನಿಗೆ ದಾರಿ ಸ್ವಲ್ಪ ಬೇರೆ ಇರಬಹುದು, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ಆ್ಯಡ್ಸ್ ಅಂತ ಹುಡುಕಿ. ಐಫೋನ್ ಆದರೆ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಟ್ರ್ಯಾಕಿಂಗ್ ಅನ್ನುವುದಕ್ಕೆ ಹೋಗಿ, ಟ್ರ್ಯಾಕ್ ಮಾಡಲಾ ಅಂತ ಆ್ಯಪ್‌ಗಳು ಅನುಮತಿ ಕೇಳುವ ಅವಕಾಶವನ್ನೇ ಆಫ್ ಮಾಡಿ. ಈ ಎರಡರಿಂದ ಬೇರೆ ಬೇರೆ ಆ್ಯಪ್‌ಗಳಲ್ಲಿ ನೀವು ಮಾಡಿದ್ದನ್ನು ಒಂದೇ ದಾರದಲ್ಲಿ ಪೋಣಿಸುವುದು ಕಷ್ಟವಾಗುತ್ತದೆ, ನಿಂತೇ ಹೋಗುತ್ತದೆ ಅಂತಲ್ಲ. ಗೂಗಲ್ ಅಕೌಂಟಿನಲ್ಲಿ ಆ ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿಯನ್ನು ಆಫ್ ಮಾಡಿ. ಅದು ಬೇಕೇ ಬೇಕು ಅಂದರೆ ಮೂರು ತಿಂಗಳಿಗೆ ತಾನಾಗೇ ಅಳಿಸುವ ಹಾಗಾದರೂ ಇಡಿ.

ಕಾಂಟ್ಯಾಕ್ಟ್ಸ್ ಪರ್ಮಿಷನ್ ಬಗ್ಗೆ ಮಾತ್ರ ಜಿಪುಣರಾಗಿರಿ. ಅದನ್ನು ಕೊಟ್ಟರೆ ನಿಮ್ಮದಷ್ಟೇ ಅಲ್ಲ, ಹೂಂ ಅನ್ನದ ನೂರಾರು ಜನರ ನಂಬರೂ ಹೋಗುತ್ತದೆ. ಟಾರ್ಚ್ ಆ್ಯಪ್‌ಗೆ ನಿಮ್ಮ ಭಾವಮೈದುನನ ನಂಬರ್ ಯಾಕೆ ಬೇಕು?

ಬ್ರೌಸರ್‌ನ ಗುಪ್ತ ಕಿಟಕಿ ಇನ್‌ಕಾಗ್ನಿಟೊ ನಂಬಿ ಕೂರಬೇಡಿ. ಅದು ನಿಮ್ಮ ಫೋನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಸೈಟಿನವರಿಗೆ ನೀವು ಬಂದದ್ದು ಗೊತ್ತಾಗುತ್ತದೆ.

ಮೈಕ್ ಅನುಮಾನ ಇನ್ನೂ ಇದ್ದರೆ ಸ್ಕ್ರೀನಿನ ಮೇಲ್ಭಾಗ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಯಾವುದಾದರೂ ಆ್ಯಪ್ ಮೈಕ್ ಬಳಸಿದರೆ ಹಸಿರು ಗುರುತು ಬರುತ್ತದೆ, ಐಫೋನಲ್ಲಿ ಐಒಎಸ್ 14ರಿಂದ ಕಿತ್ತಳೆ ಚುಕ್ಕೆ. ಯಾವ ಆ್ಯಪ್ ಯಾವಾಗ ಬಳಸಿತು ಅನ್ನುವುದು ಆಂಡ್ರಾಯ್ಡ್‌ನ ಪ್ರೈವೆಸಿ ಡ್ಯಾಶ್‌ಬೋರ್ಡ್‌ನಲ್ಲಿ ಗಂಟೆ ಸಮೇತ ಸಿಗುತ್ತದೆ. ಹಾಸಿಗೆ ಮಾತಾಡಿದ ಹೊತ್ತಿಗೆ ಅಲ್ಲಿ ಯಾವ ಆ್ಯಪ್‌ನ ಹೆಸರೂ ಇಲ್ಲದಿದ್ದರೆ, ಮೊದಲು ಮನೆಯವರ ಸರ್ಚ್ ಹಿಸ್ಟರಿ ಕೇಳಿ ನೋಡಿ. ಕೇಳುವಾಗ ಸ್ವಲ್ಪ ಜೋಪಾನ, ಅವರದ್ದೂ ಪ್ರೈವೆಸಿ ಅಲ್ವಾ.